ಮೂರನೆಯ ವನ್ಸ್ ಮೋರ್

ಒಂದು ಸಂಗತಿಯನ್ನು ನಾಚಿಕೆ ಬಿಟ್ಟು ಒಪ್ಪಿಕೊಂಡುಬಿಡುತ್ತೇನೆ. ನನಗೆ ವಿರಹದ ಹಾಡೆಂದರೆ ಪ್ರಾಣ. ಇದರಲ್ಲಿ ನಾಚಿಕೆ ಏನು ಬಂತು ಎನ್ನುತ್ತೀರಾ? ಬರುತ್ತದೆ. ಮದುವೆಯಾಗಿ ಮೂವತ್ತನಾಲ್ಕು ವರ್ಷವಾಯಿತು, ನಮ್ಮ ಮನೆಯವರು ಒಂದು ದಿನವೂ ಹೇಳದೆ ಕೇಳದೆ ಎಲ್ಲಿಗೂ ಹೋದವರಲ್ಲ. ಹಾನಗಲ್ಲಿನಿಂದ ಹಾವೇರಿಗೆ ಹೋದರೂ ಬಸ್ಸಿನಿಂದ ಇಳಿದ ಕೂಡಲೇ ಫೋನ್ ಮಾಡಿ ‘ಇಳಿದೆ’ ಎನ್ನುತ್ತಾರೆ. ವಾಪಸು ಬರುವಾಗ ‘ಹತ್ತಿದೆ’ ಎನ್ನುತ್ತಾರೆ. ಸೀಟು ಸಿಕ್ಕಿದರೆ ಇನ್ನೊಮ್ಮೆ. ಇಂಥವರನ್ನು ಕಟ್ಟಿಕೊಂಡು ವಿರಹವನ್ನು ಎಲ್ಲಿಂದ ತರಲಿ? ಅದಕ್ಕೇ ಕ್ಯಾಸೆಟ್ಟಿನಿಂದ ತರಿಸಿಕೊಳ್ಳುತ್ತೇನೆ.

ಅಡುಗೆಮನೆಯ ಕಟ್ಟೆಯ ಮೇಲೆ ನನ್ನದೊಂದು ಹಳೆಯ ಟೇಪ್ ರೆಕಾರ್ಡರ್ ಇದೆ. ಅದರ ಮುಚ್ಚಳ ನಿಲ್ಲದ್ದರಿಂದ ಚಮಚೆಯೊಂದನ್ನು ಸಿಕ್ಕಿಸಿ ಇಡಬೇಕು. ಮಧ್ಯಾಹ್ನ ರೊಟ್ಟಿ ಬಡಿಯುವಾಗ ಅದನ್ನು ಹಚ್ಚಿ, ಒಲೆಯ ಉರಿಗೋ ಹಾಡಿಗೋ ಎಂಬುದು ಯಾರಿಗೂ ತಿಳಿಯದ ಹಾಗೆ ನಾಲ್ಕು ಹನಿ ಕಣ್ಣೀರು ಹಾಕುತ್ತೇನೆ. ಒಮ್ಮೆ ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿದರು. “ಗಂಡ ಬರಲಿಲ್ಲ ಅಂತ ಆಕಿ ಅಳತಾಳ, ಖರೆ. ನೀ ಯಾಕ ಅಳತಿ? ನಾ ಇಲ್ಲೇ ರೊಟ್ಟಿ ಕಾಯಕೋತ ನಿಂತೇನಲ್ಲ” ಎಂದರು. ಬಿಸಿ ರೊಟ್ಟಿಯೊಂದನ್ನು ತಟ್ಟೆಗೆ ಹಾಕಿ ಅವರ ಕೈಗಿಟ್ಟೆ. ನೆಮ್ಮದಿಯಾಗಿ ಇರುವವರಿಗೇ ಅಗಲಿಕೆಯ ಹಾಡು ಯಾಕೆ ಹೆಚ್ಚು ರುಚಿಸುತ್ತದೆ ಎಂದು ಯೋಚಿಸಿದ್ದೇನೆ. ಹೊಟ್ಟೆ ತುಂಬಿದವರೇ ಉಪ್ಪಿನಕಾಯಿಯ ಗುಣದೋಷ ಚೆನ್ನಾಗಿ ಹೇಳುತ್ತಾರಲ್ಲ, ಹಾಗೆ ಇದ್ದೀತು.

ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು. ಆದ್ದರಿಂದ ಯಾವ ಹಾಡನ್ನೂ ಸುಮ್ಮನೆ ಕೇಳಿ ಬಿಡುವ ಭಾಗ್ಯ ನನಗಿಲ್ಲ. ಅದಕ್ಕೊಂದು ವಿವರಣೆ ಬೇಕು. ನಮ್ಮ ಹಿಂದಿನ ಲಾಕ್ಷಣಿಕರು ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿದ್ದಾರೆ. ಮನೆಯನ್ನೂ ತನ್ನನ್ನೂ ಸಿಂಗರಿಸಿಕೊಂಡು ಕಾಯುವವಳು, ತಡವಾಯಿತೆಂದು ತಳಮಳಿಸುವವಳು, ಮೋಸ ಹೋದೆನೆಂದು ಒಡವೆ ಕಿತ್ತೆಸೆಯುವವಳು, ತಾನೇ ಹುಡುಕಿಕೊಂಡು ಹೊರಡುವವಳು, ಹೀಗೆ. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಕಾಯಕೋತನ ಅನ್ನಕ್ಕ ಇಡಾಕಿ ಯಾರೂ ಇಲ್ಲೇನ್ರಿ ಅಕ್ಕೋರ?” ಎಂದು ಕೇಳಿದ್ದಳು. ನಮ್ಮ ಕಡೆ ಕನ್ನಡ ಶಾಲೆಯ ಶಿಕ್ಷಕಿಯರೆಲ್ಲ ಅಕ್ಕೋರು. ಆ ಅಕ್ಕೋರಿಗೆ ಆ ದಿನ ಕೋಪ ಬಂದಿತ್ತು. ಈಗ ಅನ್ನಿಸುತ್ತದೆ, ಕಾಯುತ್ತಲೇ ಅಡುಗೆಗೆ ಏಳುವ ಒಂಬತ್ತನೆಯವಳನ್ನು ಹಿಡಿದುಕೊಟ್ಟವಳು ಆ ಹುಡುಗಿ.

ನನ್ನ ಕ್ಯಾಸೆಟ್ಟಿನ ಕಥೆ ಹೇಳುತ್ತೇನೆ. ಅಕ್ಕಿಆಲೂರಿನಲ್ಲಿ ಒಂದು ಮೈಕ್‌ಸೆಟ್ ಅಂಗಡಿಯಿತ್ತು. ಮದುವೆ, ಉರುಸು, ಚುನಾವಣೆ ಯಾವುದಿದ್ದರೂ ಅವರದೇ ಹಾರ್ನು. ಅಂಗಡಿ ಮುಚ್ಚುವಾಗ ಮಾಲೀಕರು ಹಳೆಯ ಕ್ಯಾಸೆಟ್ಟುಗಳನ್ನು ಗೋಣಿಚೀಲಕ್ಕೆ ತುಂಬಿ ಗುಜರಿಗೆ ಹಾಕುವವರಿದ್ದರು. ನಾನು ಸಂತೆಗೆ ಹೋದವಳು ಅದನ್ನು ಕಂಡು ಕೈಗೆ ಸಿಕ್ಕಷ್ಟು ಆರಿಸಿಕೊಂಡು ಬಂದೆ. ಒಂದರ ಮೇಲೆ ಪೆನ್ಸಿಲ್ಲಿನಲ್ಲಿ ‘ಚಂದ್ರಾಬಾಯಿ, ಕಂಪನಿ ನಾಟಕ’ ಎಂದಷ್ಟೇ ಬರೆದಿತ್ತು. ಬತ್ತದ ಸುಗ್ಗಿ ಮುಗಿದ ಮೇಲೆ ನಾಟಕ ಕಂಪನಿಯೊಂದು ಅಕ್ಕಿಆಲೂರಿನಲ್ಲಿ ಮೊಕ್ಕಾಂ ಮಾಡಿದ್ದಾಗ ಅವರೇ ಮೈಕಿನ ಮುಂದೆ ಹಿಡಿದು ತುಂಬಿಕೊಂಡದ್ದಂತೆ. ಕ್ಯಾಸೆಟ್ಟಿನಲ್ಲಿ ಮೊದಲು ಕೇಳುವುದು ಕೆಮ್ಮು. ಆಮೇಲೆ ಕೂಸಿನ ಅಳು, ಯಾರದೋ ಸಿಳ್ಳೆ, ಶೇಂಗಾ ಮಾರುವವನ ಕೂಗು. ಇಷ್ಟೆಲ್ಲದರ ನಡುವೆ ಹಾರ್ಮೋನಿಯಂ ಒಮ್ಮೆ ಉಸಿರೆಳೆದುಕೊಳ್ಳುತ್ತದೆ, ಒಂದು ಹೆಣ್ಣು ದನಿ ಏಳುತ್ತದೆ:

ಹೋಗಿ ಬರುವೆನೆಂದು ಹೇಳಿ ಹೋದ ನಲ್ಲ,
ಹೋದದ್ದ ಬಲ್ಲೆ ನಾ, ಬರುವುದ ಅರಿಯೆನಲ್ಲ.

ಹಾಡು ಇಷ್ಟೇ. ಉಳಿದ ನುಡಿಗಳಲ್ಲಿ ಎಂದಿನ ಚಂದಿರ, ಎಂದಿನ ಮಲ್ಲಿಗೆ, ಬರೆದವನು ಅವಸರದಲ್ಲಿದ್ದನೆಂದು ಗೊತ್ತಾಗುತ್ತದೆ. ಆದರೆ ಹಾಡುವವಳಿಗೆ ಯಾವ ಅವಸರವೂ ಇಲ್ಲ.

ಕಂಪನಿ ನಾಟಕ ನೋಡದವರಿಗೆ ‘ವನ್ಸ್ ಮೋರ್’ ಎಂದರೇನೆಂದು ಹೇಳಬೇಕು. ಹಾಡು ಮನಸ್ಸಿಗೆ ಬಂದರೆ ನಮ್ಮ ಜನ ಚಪ್ಪಾಳೆಗೆ ತೃಪ್ತರಾಗುವವರಲ್ಲ, ಇನ್ನೊಮ್ಮೆ ಹಾಡಿಸುವವರು. ‘ವನ್ಸ್ ಮೋರ್’ ಎಂಬ ಕೂಗು ಬಿದ್ದಿತೆಂದರೆ ಕಥೆ ಎಲ್ಲಿರುತ್ತದೋ ಅಲ್ಲೇ ನಿಲ್ಲಬೇಕು. ವಿಷ ಕುಡಿದು ಸತ್ತ ರಾಣಿ ಎದ್ದು ಕೂತು, ನಿರಿಗೆ ಸರಿಮಾಡಿಕೊಂಡು, ಅದೇ ಹಾಡನ್ನು ಮೊದಲಿನಿಂದ ಹಾಡಿ, ಅದೇ ಜಾಗದಲ್ಲಿ ಅಚ್ಚುಕಟ್ಟಾಗಿ ಮತ್ತೆ ಸಾಯುತ್ತಿದ್ದಳು. ಜನರಿಗೆ ಅದರಲ್ಲಿ ಏನೂ ವಿಚಿತ್ರ ಕಾಣುತ್ತಿರಲಿಲ್ಲ. ನನ್ನ ಕ್ಯಾಸೆಟ್ಟಿನಲ್ಲಿ ಚಂದ್ರಾಬಾಯಿ ಮೂರು ವನ್ಸ್ ಮೋರ್ ಪಡೆದಿದ್ದಾಳೆ. ಯಾರೂ ಕೂಗುವ ಮೊದಲು ಹಾಡಿದ್ದು ಈ ಲೆಕ್ಕದಲ್ಲಿಲ್ಲ. ಅದನ್ನು ಎರಡು ಸಾಲಿನ ಆಚೆಗೆ ಟೇಪು ಸುತ್ತಿಕೊಂಡು ನುಂಗಿಹಾಕಿದೆ. ಉಳಿದ ಮೂರು ಕೇಳುತ್ತವೆ, ಮೂರೂ ಬೇರೆ ಬೇರೆ.

ಮೊದಲನೆಯದರಲ್ಲಿ ಆಕೆ ಅಳುತ್ತಾಳೆ. ‘ಹೋದದ್ದ’ ಎಂಬ ಮಾತನ್ನು ಎಷ್ಟು ಉದ್ದ ಎಳೆಯುತ್ತಾಳೆಂದರೆ, ಹೋದವನು ಊರ ಅಗಸಿ ಬಾಗಿಲು ದಾಟಿ ಕಣ್ಮರೆಯಾಗುವವರೆಗೂ ಆ ದನಿ ಅವನ ಬೆನ್ನ ಹಿಂದೆ ನಡೆಯುತ್ತದೆ. ಎರಡನೆಯದರಲ್ಲಿ ಅಳುವಿಲ್ಲ, ಸಿಟ್ಟಿದೆ. ‘ಬಲ್ಲೆ ನಾ’ ಎನ್ನುವಾಗ ಒತ್ತು ಎಲ್ಲ ‘ನಾ’ ಮೇಲೆ. ಬಿಸಿ ರೊಟ್ಟಿ ಮೂರು ಸಲ ಕಾಯಿಸಿಟ್ಟ ಹೆಂಗಸಿನ ದನಿ ಅದು. ಮೂರನೆಯದು ಶುರುವಾದಾಗ ದಣಿವು ಕೇಳುತ್ತದೆ, ಪಾಪ, ನಾಲ್ಕನೆಯ ಸಲ ಅದೇ ಹಾಡು. ಕೊನೆಯ ಸಾಲಿಗೆ ಬಂದು ‘ಬರುವುದ’ ಎಂದು ಅರೆಕ್ಷಣ ತಡೆಯುತ್ತಾಳೆ. ಆಮೇಲೆ ‘ಅರಿಯೆನಲ್ಲ’ ಎಂಬ ಮಾತು ನಗುತ್ತ ಹೊರಗೆ ಬರುತ್ತದೆ. ಗಟ್ಟಿ ನಗುವಲ್ಲ. ತುಟಿ ಅರಳಿದ್ದು ಕಿವಿಗೆ ಕಾಣುತ್ತದೆ, ಅಷ್ಟೇ. ಅದನ್ನು ಕೇಳಿದ ದಿನ ನಾನು ಹಂಚಿನ ಮೇಲಿನ ರೊಟ್ಟಿ ಸೀಯಿಸಿದೆ.

ಆ ನಗುವಿನ ಮೇಲೆ ನಾನು ಎಂಟು ಪುಟದ ಪ್ರಬಂಧ ಬರೆದೆ. ‘ನಗುವ ವಿರಹಿಣಿ’ ಎಂದು ಅದರ ಹೆಸರು. ಊರಿನ ಮಹಿಳಾ ಮಂಡಳದಲ್ಲಿ ಓದಬೇಕೆಂದು ಸಿದ್ಧತೆ. ನನ್ನ ವಾದ ಏನೆಂದರೆ, ಮೂರನೆಯ ಸಲಕ್ಕೆ ಆ ಹೆಣ್ಣು ಕಾಯುವುದನ್ನು ಬಿಟ್ಟಿದ್ದಾಳೆ. ಅವನು ಬಂದರೂ ಸೈ, ಬರದಿದ್ದರೂ ಸೈ. ಆ ನಗು ಬಿಡುಗಡೆಯ ನಗು. ಶತಮಾನಗಳ ನಾಯಿಕೆಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ಅವರ ತುದಿಯಲ್ಲಿ ಚಂದ್ರಾಬಾಯಿಯನ್ನು ತಂದು ನಿಲ್ಲಿಸಿದ್ದೆ. ಬರೆದು ಮುಗಿಸಿದ ಮೇಲೆ ಕಂಪನಿಯ ಹೆಸರು ವಿಚಾರಿಸಲು ಮೈಕ್‌ಸೆಟ್ಟಿನ ಮಾಲೀಕರಿಗೆ ಫೋನ್ ಮಾಡಿದೆ. ಕಂಪನಿಯ ಹೆಸರು ಅವರಿಗೆ ಮರೆತುಹೋಗಿತ್ತು. “ಆಕೀನ್ನ ಕೇಳ್ರಲ್ಲ ಅಕ್ಕೋರ. ಸವಣೂರಾಗ ಅದಾಳ. ಮಗಂದು ಎಲಿ ಅಂಗಡಿ ಐತಿ” ಎಂದರು. ನಾನು ಎಂಟು ಪುಟಗಳಲ್ಲಿ ಆಕೆಯನ್ನು ‘ಇದ್ದಳು’, ‘ಹಾಡಿದಳು’, ‘ಮರೆಯಾದಳು’ ಎಂದು ಬರೆದಿದ್ದೆ. ಆಕೆ ಬದುಕಿರಬಹುದೆಂಬ ಯೋಚನೆ ಒಂದು ಕಡೆಯೂ ಸುಳಿದಿರಲಿಲ್ಲ. ರಸಿಕರೆಂದರೆ ಇಷ್ಟೇ ನೋಡಿ.

ಮುಂದಿನ ಭಾನುವಾರವೇ ಹೊರಟೆ. ಬಂಕಾಪುರದಲ್ಲಿ ಬಸ್ಸು ಬದಲಿಸಿ ಸವಣೂರಿಗೆ ಇಳಿದಾಗ ಹತ್ತು ಗಂಟೆ. ಬ್ಯಾಗಿನಲ್ಲಿ ಎಂಟು ಪುಟ, ಕ್ಯಾಸೆಟ್ಟು, ಒಂದು ಸೀರೆ. ವೀಳ್ಯದೆಲೆ ಅಂಗಡಿಯ ಹುಡುಗ ತೋರಿಸಿದ ಮನೆಯ ಮುಂದೆ ದೊಡ್ಡ ರಂಗೋಲಿ, ಪಡಸಾಲೆಯಲ್ಲಿ ಹೊಸ ಜಮಖಾನ. ಬಾಗಿಲಲ್ಲಿದ್ದ ಹೆಣ್ಣುಮಗಳು ನನ್ನನ್ನು ಕಂಡದ್ದೇ ಸೆರಗು ಹೊದ್ದು, “ಬರ್ರಿ ಬರ್ರಿ, ಒಳಗ ಬರ್ರಿ. ಉಳದವರು ಹಿಂದ ಬರಾಕತ್ತಾರೇನ್ರಿ?” ಎಂದಳು. ಉಳಿದವರು ಯಾರೆಂದು ತಿಳಿಯಲಿಲ್ಲ. ಆದರೂ ಸವಣೂರಿನವರ ಆದರವೇ ಆದರ ಎಂದುಕೊಂಡು ಕುಳಿತೆ. ನೀರು ಬಂತು, ಹಿಂದೆಯೇ ತಟ್ಟೆ ತುಂಬ ಶಿರಾ ಬಂತು, ದ್ರಾಕ್ಷಿ ಗೋಡಂಬಿ ಹಾಕಿದ್ದು. ಅರ್ಧ ತಿಂದ ಮೇಲೆ, “ನಾ ಹಾನಗಲ್ಲಿನ ಹೈಸ್ಕೂಲಿನ್ಯಾಗ ಅಕ್ಕೋರು ಇದ್ದಾಕಿ. ಚಂದ್ರಾಬಾಯಿಯವರನ್ನ ನೋಡಬೇಕಾಗಿತ್ತು. ನಾಟಕದಾಗ ಹಾಡತಿದ್ರಲ್ಲ, ಅವರನ್ನ” ಎಂದೆ.

ಆ ಹೆಣ್ಣುಮಗಳ ಮುಖ ಬಿಳಿಚಿಕೊಂಡಿತು. ಆಕೆ ಚಂದ್ರಾಬಾಯಿಯ ಸೊಸೆ, ಶೋಭಾ. ನನ್ನ ಕೈ ಹಿಡಿದು ಶಿರಾದ ತಟ್ಟೆಯ ಸಮೇತ ಅಡುಗೆಮನೆಗೆ ಎಳೆದುಕೊಂಡು ಹೋದಳು.

“ಅಕ್ಕೋರ, ನಿಮ್ಮ ಕಾಲಿಗೆ ಬೀಳ್ತೇನಿ. ಇವತ್ತೊಂದ ದಿನ ಆ ಹೆಸರು ತಗೀಬ್ಯಾಡ್ರಿ. ನನ್ನ ಮಗಳನ್ನ ನೋಡಾಕ ಹಿರೇಕೆರೂರಿಂದ ಬರಾಕತ್ತಾರ. ಎರಡ ಸಂಬಂಧ ಮುರದಾವ್ರಿ, ಎರಡೂ ಇದ ಕಾರಣಕ್ಕ. ಅಜ್ಜಿ ನಾಟಕದಾಕಿ ಅಂತ ಯಾರರ ಹೇಳತಾರ, ಅವರು ಸುಮ್ಮನಾಗತಾರ. ಈ ಸಲ ಮುರದ್ರ ಹುಡುಗಿ ಇನ್ನ ಯಾರ ಮುಂದೂ ಕೂಡೂದಿಲ್ಲ ಅಂದಾಳ.”

ಅಡುಗೆಮನೆಯ ಹಿತ್ತಲ ಬಾಗಿಲ ಹತ್ತಿರ ಒಬ್ಬ ಮುದುಕಿ ಕುಳಿತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದರು. ದಪ್ಪ ಕನ್ನಡಕ, ಮುಷ್ಟಿಯಷ್ಟು ದೇಹ. ಸೊಸೆಯ ಮಾತು ಅವರ ಕಿವಿಗೂ ಬಿದ್ದಿತ್ತು. ತಲೆ ಎತ್ತಲಿಲ್ಲ. ನಾಟಕ ಬಿಟ್ಟು ಹಿರೇಬೆಂಡಿಗೇರಿಯ ರೈತನೊಬ್ಬನನ್ನು ಮದುವೆಯಾದ ದಿನದಿಂದ ಅವರು ಚಂದ್ರಾಬಾಯಿಯಲ್ಲ, ಚಂದ್ರವ್ವ. ಗಂಡ ತೀರಿದ ಮೇಲೆ ಮಗನ ಜೊತೆ ಸವಣೂರಿಗೆ ಬಂದಿದ್ದರು. ಸಾವಿರ ಜನರನ್ನು ಅಳಿಸಿದ ದನಿ ಬಂದವರಿಗೆ ಕೇಳಬಾರದೆಂದು ಹಿತ್ತಲ ಬಾಗಿಲಲ್ಲಿ ಕುಳಿತಿತ್ತು. ನನಗೆ ಸಿಟ್ಟು ಬಂತು. ಶೋಭಾಳ ಮುಖ ನೋಡಿದ ಮೇಲೆ ಆ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಮಗಳ ಮದುವೆಗೆ ಹೆದರಿದ ತಾಯಿಯ ಮೇಲೆ ಯಾರು ಸಿಟ್ಟು ಮಾಡಬಲ್ಲರು?

ಎದ್ದು ಹೊರಡಬೇಕೆನ್ನುವಷ್ಟರಲ್ಲಿ ಅಂಗಳದಲ್ಲಿ ಗಾಡಿ ನಿಂತಿತು. ಅಂಗಡಿಯಿಂದ ಬಂದಿದ್ದ ಶೋಭಾಳ ಗಂಡ ಬಂದವರನ್ನು ಎದುರುಗೊಂಡು ಒಳಗೆ ಕೂರಿಸಿದರು. ಬಂದವರು ಮೂವರು: ವರ ಮಂಜುನಾಥ, ಅವನ ತಂದೆ, ತಂದೆಯ ತಾಯಿ ಶಿವಗಂಗವ್ವ. ಗೋವಿನಜೋಳದ ವ್ಯಾಪಾರದ ಮನೆತನ. ತಂದೆ ಮಾತಿಗೊಮ್ಮೆ ಅಂಗಿಯ ತೋಳನ್ನು ನೀವಿಕೊಳ್ಳುವ ಬಿಗಿಯಾದ ಮನುಷ್ಯ. ನನ್ನನ್ನು ಯಾರೆಂದು ಹೇಳುವುದು? ಶೋಭಾ ಒಂದೇ ಉಸಿರಿನಲ್ಲಿ, “ಇವರು ನಮ್ಮ ವೀಣಾಗ ಸಾಲ್ಯಾಗ ಕಲಿಸಿದ ಅಕ್ಕೋರ್ರಿ” ಎಂದುಬಿಟ್ಟಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ, ನಾನು ಅದರಲ್ಲೊಂದು ಸುಳ್ಳಾಗಿ ಪಡಸಾಲೆಯಲ್ಲಿ ಕುಳಿತೆ. ವರನ ತಂದೆ ನನ್ನ ಕಡೆಗೇ ತಿರುಗಿ, “ಹುಡುಗಿ ಸಾಲ್ಯಾಗ ಹೆಂಗಿದ್ಲ್ರಿ ಅಕ್ಕೋರ?” ಎಂದು ಕೇಳಿದರು. ನಾನು ಆ ಹುಡುಗಿಯ ಮುಖವನ್ನು ಇನ್ನೂ ಕಂಡಿರಲಿಲ್ಲ. “ಭಾಳ ಶಾಣ್ಯಾ ಇದ್ಲ್ರಿ” ಎಂದೆ. ಅದೇನೂ ಕಷ್ಟವಾಗಲಿಲ್ಲ. ಮೂವತ್ತೊಂದು ವರ್ಷ ಎಲ್ಲ ತಂದೆತಾಯಿಗಳಿಗೂ ಅದನ್ನೇ ಹೇಳಿದ್ದೇನೆ.

ವೀಣಾ ಬಂದಳು. ಶಿಗ್ಗಾಂವಿಯಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ಚಹಾದ ಟ್ರೇ ಹಿಡಿದ ಕೈ ನಡುಗುತ್ತಿರಲಿಲ್ಲ, ದಿನಾ ಸೂಜಿ ಹಿಡಿಯುವ ಕೈ. ನಡುಗುತ್ತಿದ್ದದ್ದು ವರನ ಕೈಯೊಳಗಿನ ಕಪ್ಪು. ಹೆಸರು, ಓದು, ಅಡುಗೆ ಎಲ್ಲ ವಿಚಾರಣೆ ಮುಗಿದ ಮೇಲೆ ಬರಬೇಕಾದದ್ದು ಬಂತು. ಶಿವಗಂಗವ್ವ ತಂಬಾಕಿನ ಸಂಚಿ ಕೆಳಗಿಟ್ಟು, “ಒಂದು ಹಾಡ ಹೇಳವಾ” ಎಂದರು. ನಮ್ಮ ಕಡೆ ಕನ್ಯಾ ನೋಡಲು ಬಂದವರು ಹಾಡಿಸುವುದು ಸಂಗೀತಕ್ಕಾಗಿ ಅಲ್ಲ, ಹುಡುಗಿಗೆ ಮಾತು ಬರುತ್ತದೆಯೋ ಇಲ್ಲವೋ ನೋಡಲಿಕ್ಕೆ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಹುಡುಗಿಯರು ಬುದ್ಧಿವಂತರು, ಒಂದು ಭಜನೆ ಹೇಳಿ ಮುಗಿಸುತ್ತಾರೆ. ವೀಣಾ ಭಜನೆಗೇ ಬಾಯಿ ತೆರೆದಿದ್ದಳು. ಮುದುಕಿ ಕೈ ಅಡ್ಡ ಆಡಿಸಿದರು. “ದೇವರ ಹಾಡು ಎಲ್ಲಾರೂ ಹೇಳತಾರವಾ. ನಿನಗ ಮನಸಿಗೆ ಬಂದದ್ದ ಹೇಳು.”

ವೀಣಾ ಒಂದು ಗಳಿಗೆ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಶುರುಮಾಡಿದಳು: ‘ಹೋಗಿ ಬರುವೆನೆಂದು ಹೇಳಿ ಹೋದ ನಲ್ಲ...’

ಬಾಗಿಲಲ್ಲಿ ನಿಂತಿದ್ದ ಶೋಭಾ ಬಾಯಿಗೆ ಸೆರಗು ಒತ್ತಿಕೊಂಡಳು. ಹುಡುಗಿಗೆ ದನಿ ಚೆನ್ನಾಗಿತ್ತು. ಆದರೆ ಈಗಿನ ಟೀವಿ ಸ್ಪರ್ಧೆಗಳ ಹಾಡು ಕೇಳಿ ಬೆಳೆದ ದನಿ. ಪ್ರತಿ ಸಾಲಿಗೂ ಒಂದು ಬಿಕ್ಕು, ಒಂದು ಕಂಪನ. ‘ಹೋದದ್ದ ಬಲ್ಲೆ ನಾ’ ಎನ್ನುವಷ್ಟರಲ್ಲಿ ಪೂರ್ತಿ ಅಳುವೇ ಆಯಿತು. ಅಷ್ಟೇ, ಅಡುಗೆಮನೆಯಿಂದ ಒಂದು ಗದರಿಕೆ ಬಂತು.

“ಏ ಹುಡುಗಿ! ಅಲ್ಲಿ ಅಳಬ್ಯಾಡ ಅಂತ ಎಷ್ಟ ಸಲ ಹೇಳೇನಿ ನಿನಗ?”

ಚಂದ್ರವ್ವ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅರ್ಧ ತೊಟ್ಟು ಮುರಿದ ಎಲೆ. ಅಡಗಿರಬೇಕೆಂಬುದು, ಬೀಗರು ಬಂದಿದ್ದಾರೆಂಬುದು, ಮೊಮ್ಮಗಳ ಬಾಳು ತೂಗುತ್ತಿದೆ ಎಂಬುದು ಯಾವುದೂ ಆ ಕ್ಷಣ ಅವರ ಲಕ್ಷ್ಯದಲ್ಲಿರಲಿಲ್ಲ. ಹುಡುಗಿ ಹಾಡಿನ ಸಾಲೊಂದನ್ನು ಕಣ್ಣೆದುರೇ ಕೆಡಿಸುತ್ತಿದ್ದಳು, ಅದಷ್ಟೇ ಅವರಿಗೆ ಕಂಡದ್ದು. ನೇರ ಜಮಖಾನದ ಮೇಲೆ ಬಂದು ಮೊಮ್ಮಗಳ ಎದುರು ನಿಂತರು.

“‘ಹೋದದ್ದ ಬಲ್ಲೆ ನಾ.’ ಇದನ್ನ ಅಳಕೋತ ಹೇಳಿದ್ರ ಅಂವ ಗೆದ್ದಂಗ ಆತು. ಬಲ್ಲೆ ಅಂತೀ, ಬಲ್ಲಾಕೀ ಹಂಗ ಹೇಳು. ಕೇಳಿಲ್ಲೆ.”

ಅಂದು ಹಾಡಿಯೇಬಿಟ್ಟರು. ದನಿಯಲ್ಲಿ ಏನೂ ಉಳಿದಿರಲಿಲ್ಲ ಎಂದು ಹೇಳಿದರೆ ತಪ್ಪಲ್ಲ. ಮೇಲಿನ ಸ್ವರಕ್ಕೆ ಉಸಿರು ಸಾಲದು, ಮುಂದಿನ ಎರಡು ಹಲ್ಲಿಲ್ಲದ್ದರಿಂದ ಅಲ್ಲಲ್ಲಿ ಗಾಳಿ ಸೋರುತ್ತದೆ. ಆದರೆ ಕ್ಯಾಸೆಟ್ಟಿನಲ್ಲಿ ಮೂವತ್ತು ಸಲ ಕೇಳಿಯೂ ನಾನು ಕೇಳದಿದ್ದದ್ದು ಅಲ್ಲಿ ಕೇಳಿಸಿತು. ಇವತ್ತು ಹಾಲು ಬೇಡ ಎಂದು ಹಾಲಿನವಳಿಗೆ ಹೇಳಿದಷ್ಟು ಸರಳವಾಗಿ ‘ಹೋದದ್ದ ಬಲ್ಲೆ ನಾ’ ಎಂದರು. ಆಮೇಲೆ ‘ಬರುವುದ’ ಎಂದು ನಿಂತರು. ಆ ನಿಲುಗಡೆಯಲ್ಲಿ ಒಂದು ಮನೆ, ಒಂದು ತೆರೆದ ಬಾಗಿಲು, ಹೊರಗೆ ಖಾಲಿ ರಸ್ತೆ ಎಲ್ಲ ಬಂದುಹೋಯಿತು. ‘ಅರಿಯೆನಲ್ಲ’ ಎಂದು ಮುಗುಳುನಕ್ಕರು.

ಇಲ್ಲಿ ನಾನು ಮಾಡಿದ ಘನಕಾರ್ಯವನ್ನು ಹೇಳಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಷ್ಟು ವರ್ಷ ಮಕ್ಕಳಿಂದ ಕಾಪಿ ಬರೆಸಿದ್ದೇನೋ! ನಿವೃತ್ತ ಶಿಕ್ಷಕಿ, ಅರವತ್ತು ದಾಟಿದವಳು, ಪರರ ಮನೆಯ ಕನ್ಯಾ ನೋಡುವ ಶಾಸ್ತ್ರದ ನಟ್ಟನಡುವೆ, ಗಟ್ಟಿಯಾಗಿ ‘ವನ್ಸ್ ಮೋರ್!’ ಎಂದು ಕೂಗಿಬಿಟ್ಟೆ.

ಆ ಕೂಗು ಕೇಳಿದ್ದೇ ಚಂದ್ರವ್ವ ಹಿಂದೆ ಮುಂದೆ ನೋಡಲಿಲ್ಲ. ಸೆರಗು ಸರಿಮಾಡಿಕೊಂಡರು. ಎರಡು ಹೆಜ್ಜೆ ಹಿಂದೆ ಸರಿದರು. ಎಡಗೈ ಮುಂದೆ ಚಾಚಿ, ಗದ್ದ ಎತ್ತಿ, ಕೊನೆಯ ಸಾಲಿನಲ್ಲಿ ಕುಳಿತವರಿಗೂ ಕಾಣುವ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಪಲ್ಲವಿಯಿಂದ ಎತ್ತಿಕೊಂಡರು. ಎಷ್ಟೋ ವರ್ಷ ಬಚ್ಚಿಟ್ಟದ್ದು ಅಷ್ಟರಲ್ಲೇ ಹೊರಬಿತ್ತು. ಮನೆಯಲ್ಲಿ ಹಾಡುವ ಯಾವ ಅಜ್ಜಿಯೂ ಹಾಗೆ ನಿಲ್ಲುವುದಿಲ್ಲ.

ಹಾಡು ಮುಗಿದ ಮೇಲೆ ವರನ ತಂದೆ ತೋಳು ನೀವಿಕೊಂಡರು. “ನಾಟಕದಾಗ ಇದ್ರೇನ್ರಿ?”

ಶೋಭಾ ಏನೋ ಹೇಳಲು ಬಾಯಿ ತೆರೆದಳು. ಚಂದ್ರವ್ವ ಅವಳಿಗೆ ಅವಕಾಶ ಕೊಡಲಿಲ್ಲ. “ಇದ್ದೆ. ಹದಿನಾರು ವರ್ಷ. ಚಂದ್ರಾಬಾಯಿ ಅಂತಿದ್ರು” ಎಂದರು. ಎಂದ ಮೇಲೆ ತಮ್ಮ ಮಾತು ತಮಗೇ ಕೇಳಿ ಮೊಮ್ಮಗಳ ಮುಖ ನೋಡಿದರು. ಆ ನೋಟವನ್ನು ನಾನು ಮರೆಯಲಾರೆ.

ಶಿವಗಂಗವ್ವ ಮಾತ್ರ ಕುಳಿತಲ್ಲೇ ಮುಂದಕ್ಕೆ ಬಾಗಿದರು. “ಅಕ್ಕಿಆಲೂರಾಗ ಹಾಡಿದ್ದು ನೀವ ಏನು?”

“ಹೌದ್ರಿ.”

“ನನ್ನ ತವರಮನಿ ಅದು. ನಮ್ಮಪ್ಪ ಹೆಣ್ಮಕ್ಕಳನ್ನ ನಾಟಕಕ್ಕ ಬಿಡತಿದ್ದಿಲ್ಲ. ಮಾಳಗಿ ಮ್ಯಾಲ ಕುಂತು ಹಾರ್ನಿನ್ಯಾಗ ಕೇಳತಿದ್ದೆ. ಗಾಳಿ ನಮ್ಮ ಕಡೆ ಬೀಸಿದ್ರ ಕೇಳತಿತ್ತು, ಇಲ್ಲಾಂದ್ರ ಇಲ್ಲ. ನಿಮ್ಮ ಮಾರಿ ಇವತ್ತ ನೋಡಿದೆ ನೋಡ್ರಿ.”

ಇಷ್ಟು ಹೇಳಿ ತಂಬಾಕಿನ ಸಂಚಿ ಎತ್ತಿಕೊಂಡರು. ಮಗ ಅವರ ರಟ್ಟೆ ಹಿಡಿದು ಎಬ್ಬಿಸಿದರು. ಶೋಭಾ ಕೊಟ್ಟ ಕುಂಕುಮ ಹಚ್ಚಿಕೊಂಡು ಹೊರಟರು. ಗಾಡಿ ಹತ್ತುವ ಮೊದಲು ವರನ ತಂದೆ, “ಊರಿಗೆ ಹೋಗಿ ತಿಳಿಸ್ತೇವ್ರಿ” ಎಂದರು. ಇದರ ಅರ್ಥ ಗೊತ್ತಿಲ್ಲದ ಹೆಣ್ಣು ಹೆತ್ತವರು ಈ ನಾಲ್ಕು ತಾಲ್ಲೂಕಿನಲ್ಲಿ ಯಾರೂ ಇಲ್ಲ. ಒಪ್ಪಿದವರು ಅಲ್ಲೇ ಸಕ್ಕರೆ ಬೇಡುತ್ತಾರೆ. ತಿಳಿಸುತ್ತೇವೆ ಎಂದವರು ತಿಳಿಸುವುದಿಲ್ಲ.

ಶೋಭಾ ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ದೊಡ್ಡ ಉಪಕಾರ. ಶಿವಪೂಜೆಗೆ ಬಂದ ಕರಡಿಗೆ ಕೂಡ ನನ್ನಷ್ಟು ನಾಚಿಕೆಯಾಗಿರಲಿಕ್ಕಿಲ್ಲ. ಬ್ಯಾಗು ಎತ್ತಿಕೊಂಡು ಹಿತ್ತಲ ಕಡೆಯಿಂದ ಹೊರಟವಳನ್ನು ಚಂದ್ರವ್ವ ಕೈಹಿಡಿದು ಕೂರಿಸಿಕೊಂಡರು. ವೀಣಾಳೂ ಬಂದು ಕುಳಿತಳು. “ತಪ್ಪು ನನ್ನದವಾ” ಎಂದೆ. ಹುಡುಗಿ ತಲೆ ಅಲ್ಲಾಡಿಸಿದಳು.

“ನಾ ಬೇಕಂತನ ಆ ಹಾಡ ಹೇಳೇನ್ರಿ ಅಕ್ಕೋರ. ಎರಡ ಸಲ ಅಜ್ಜೀನ ಮುಚ್ಚಿಟ್ವಿ, ಎರಡೂ ಸಲ ಮುರೀತು. ಈ ಸಲ ಮುಚ್ಚದ ನೋಡೂಣು ಅನಸ್ತು. ಆದ್ರ ಈಕಿ ಹೊರಗ ಬಂದು ಎಲ್ಲಾರ ಮುಂದ ನನಗ ಬೈತಾಳ ಅಂತ ಅನಕೊಂಡಿದ್ದಿಲ್ಲ.”

“ತಪ್ಪ ಹಾಡಿದ್ರ ಬೈಲಿಲ್ದ ಬಿಡ್ತೇನೇನು?” ಎಂದರು ಅಜ್ಜಿ. ಅವರ ಕಣ್ಣು ತೇವವಾಗಿತ್ತು.

ಇಷ್ಟು ಅನಾಹುತ ಮಾಡಿದ ಮೇಲೂ ನನ್ನೊಳಗಿನ ಪಂಡಿತೆ ಸಾಯಲಿಲ್ಲ. ತಂದ ಸೀರೆಯನ್ನು ಅವರ ಕೈಗಿಟ್ಟು, ಕ್ಯಾಸೆಟ್ಟು ತೋರಿಸಿ, ಮೂರನೆಯ ವನ್ಸ್ ಮೋರಿನಲ್ಲಿ ನಕ್ಕದ್ದು ಯಾಕೆ ಎಂದು ಕೇಳಿದೆ. ಚಂದ್ರವ್ವ ನೆನಪು ಮಾಡಿಕೊಂಡು ಒಮ್ಮೆಗೇ ನಕ್ಕರು. “ಹೆಣ್ಮಕ್ಕಳ ಕಡೆ ಮುಂದಿನ ಸಾಲಿನ್ಯಾಗ ಒಬ್ಬಾಕಿ ಕೂಸಿಗೆ ಮೊಲಿ ಕೊಟಕೋತ ನನ್ನ ಸಂಗಾಟ ಹಾಡಾಕತ್ತಿದ್ಲು. ತಾಳ ಪೂರಾ ತಪ್ಪು. ನಾ ನಿಂತ್ರ ಆಕಿ ನಿಲ್ಲಲಿಲ್ಲ, ಒಬ್ಬಾಕಿನ ಮುಂದ ಹೋದ್ಲು. ನಗಿ ತಡಕೊಳ್ಳಾಕ ಆಗಲಿಲ್ಲ ನನಗ.”

ಎಂಟು ಪುಟ! ಶತಮಾನಗಳ ನಾಯಿಕೆಯರು, ಬಿಡುಗಡೆಯ ನಗು, ಎಲ್ಲವೂ ಕೂಸಿಗೆ ಹಾಲು ಕುಡಿಸುತ್ತಿದ್ದ ಒಬ್ಬ ಬೇತಾಳದ ಹೆಣ್ಣುಮಗಳ ಕಾಲ ಬುಡಕ್ಕೆ ಬಿದ್ದವು. ನನ್ನ ಮುಖ ಬಾಡಿದ್ದನ್ನು ನೋಡಿ ಚಂದ್ರವ್ವ ಒಂದು ಎಲೆಗೆ ಸುಣ್ಣ ಹಚ್ಚಿ ಮಡಿಚಿ ಕೊಟ್ಟರು. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. “ಅವತ್ತು ನಗಿ ಬಂದದ್ದು ತಪ್ಪಿ ಬಂತು. ಆದ್ರ ಹಾಡಿದ ಮ್ಯಾಲ ಹಾರ್ಮೋನಿಯಂ ಮಾಸ್ತರು ನನ್ನ ಮಾರಿ ನೋಡಿದ್ರು, ನಾ ಅವರ ಮಾರಿ ನೋಡಿದೆ. ಇಬ್ಬರಿಗೂ ತಿಳೀತು. ಅವತ್ತಿಂದ ಕಂಪನಿ ಬಿಡೂತನಕ ಆ ಸಾಲು ಹಂಗನ ಹಾಡಿದೆ. ಅತ್ತು ಹಾಡಿದ್ರ ಮಂದಿ ಅಲ್ಲೇ ಅತ್ತು ಮರೀತಿದ್ರು. ನಕ್ಕು ಹಾಡಿದ್ರ ಮನಿಗೆ ಹೋಗಿ ಅಳತಿದ್ರು.”

ಬಸ್ಸಿನಲ್ಲಿ ಕುಳಿತು ಎಂಟು ಪುಟಗಳಲ್ಲಿ ಏಳನ್ನು ಹೊಡೆದುಹಾಕಿದೆ. ನಗು ತಾನಾಗಿ ಬಂದದ್ದು. ಬಂದದ್ದರ ಬೆಲೆ ತಿಳಿದು ಅದನ್ನು ಬಿಡದೆ ಇಟ್ಟುಕೊಂಡದ್ದು ಆಕೆಯ ದೊಡ್ಡತನ. ನಮ್ಮೆಲ್ಲರ ಬಾಳಿನಲ್ಲೂ ಇಂಥವು ತಪ್ಪಿ ಬರುತ್ತಲೇ ಇರುತ್ತವೆ. ನಾವು ಕೆಮ್ಮಿ, ಕ್ಷಮಿಸಿ ಎಂದು ಹೇಳಿ, ಮುಂದಕ್ಕೆ ಹೋಗುತ್ತೇವೆ.

ಅದಾದ ಮೇಲೆ ಹನ್ನೊಂದು ದಿನ ಹಿರೇಕೆರೂರಿನಿಂದ ಸುದ್ದಿಯಿಲ್ಲ. ವಿರಹದ ಹಾಡಿನ ರಸಿಕಳೆಂದು ಮೆರೆದವಳು ನಾನು, ಕಾಯುವುದೆಂದರೆ ಏನೆಂದು ಆ ಹನ್ನೊಂದು ದಿನ ಕಲಿತೆ. ಅದಕ್ಕೆ ರಾಗವೂ ಇಲ್ಲ, ತಾಳವೂ ಇಲ್ಲ. ಫೋನು ನೋಡುವುದು, ಹಾಲು ಉಕ್ಕಿಸುವುದು, ಮತ್ತೆ ಫೋನು ನೋಡುವುದು. ಕ್ಯಾಸೆಟ್ಟು ಹಚ್ಚಲು ಮನಸ್ಸಾಗಲಿಲ್ಲ. ಇನ್ನೊಬ್ಬರ ಮಗಳ ಬಾಳನ್ನು ನನ್ನ ಬಾಯಿ ಕೆಡಿಸಿತಲ್ಲ ಎಂಬ ಸಂಕಟಕ್ಕೆ ಯಾವ ಲಾಕ್ಷಣಿಕನೂ ಹೆಸರಿಟ್ಟಿಲ್ಲ. ನಮ್ಮ ಮನೆಯವರು ನನ್ನ ಪಾಡು ನೋಡಿ ತಾವೇ ಎರಡು ದಿನ ಅನ್ನಕ್ಕಿಟ್ಟರು.

ಹನ್ನೆರಡನೆಯ ದಿನ ವೀಣಾಳ ಫೋನು ಬಂತು. ಮಾತಿಗೆ ಮೊದಲು ಅವಳು ನಕ್ಕದ್ದು ಕೇಳಿತು. ಹಿರೇಕೆರೂರಿನಲ್ಲಿ ಅಷ್ಟು ದಿನವೂ ಜಗಳ ನಡೆದಿತ್ತಂತೆ. ತಂದೆ ಬೇರೆ ಕಡೆ ಕನ್ಯಾ ನೋಡೋಣ ಎಂದರೆ ಮಂಜುನಾಥ, “ನಾ ನೋಡಿ ಬಂದೇನಿ, ಇನ್ನ ನೋಡೂದಿಲ್ಲ” ಎಂದು ಕುಳಿತನಂತೆ. ಜನ ಏನೆಂದಾರು ಎಂದು ತಂದೆ ಕೇಳಿದಾಗ ಶಿವಗಂಗವ್ವ ಮಾತು ತೆಗೆದರಂತೆ: “ಮಂದಿ ಮಾತ ಕೇಳಿ ನಮ್ಮಪ್ಪ ನನ್ನ ಮಾಳಗಿ ಮ್ಯಾಲ ಕುಂಡ್ರಿಸಿದ. ನೀನೂ ಹಂಗ ಮಾಡಬ್ಯಾಡ.” ಅವರೆಲ್ಲ ಸಕ್ಕರೆ ತಿಂದು ಹೋಗಲು ಮತ್ತೆ ಸವಣೂರಿಗೆ ಬಂದಿದ್ದರಂತೆ. ಶಿವಗಂಗವ್ವನವರದೊಂದೇ ಷರತ್ತು: ಲಗ್ನಪತ್ರಿಕೆಯಲ್ಲಿ ಹುಡುಗಿಯ ಅಜ್ಜಿಯ ಹೆಸರನ್ನು ಚಂದ್ರಾಬಾಯಿ ಎಂದೇ ಹಾಕಿಸಬೇಕು.

ಪತ್ರಿಕೆ ಮೊನ್ನೆ ಅಂಚೆಯಲ್ಲಿ ಬಂತು. ಅರಿಶಿನ ಹಚ್ಚಿದ ಲಕೋಟೆ ಒಡೆದು ಹಿರಿಯರ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು ಹುಡುಕಿದೆ. ಇತ್ತು. ‘ಶ್ರೀಮತಿ ಚಂದ್ರಾಬಾಯಿ, ರಂಗಭೂಮಿ ಕಲಾವಿದರು.’ ಅಳು ಬಂತು, ಒಲೆ ಹೊತ್ತಿರಲಿಲ್ಲವಾದ್ದರಿಂದ ನೆಪವೂ ಇರಲಿಲ್ಲ. ಅಭಿನಂದನೆ ಹೇಳೋಣವೆಂದು ಫೋನ್ ಮಾಡಿದರೆ ಚಂದ್ರಾಬಾಯಿಯವರೇ ಎತ್ತಿದರು.

“ಬಂತೇನ್ರಿ ಪತ್ರಿಕಾ? ನಮ್ಮ ಹೆಸರು ನೋಡಿದ್ರೇನು?”

“ನೋಡಿದೆ ಅವ್ವಾರ. ಭಾಳ ಸಂತೋಷ ಆತ್ರಿ.”

“ಏನ್ ಸಂತೋಷರಿ? ಕನ್ನಡಕ ಹಾಕ್ಕೊಂಡು ಹುಡುಕಬೇಕು, ಅಷ್ಟ ಸಣ್ಣ ಅಕ್ಷರ. ಕಂಪನಿ ಹ್ಯಾಂಡ್‌ಬಿಲ್ಲಿನ್ಯಾಗ ನನ್ನ ಹೆಸರು ರಾಜಾ ಪಾರ್ಟಿನವರ ಹೆಸರಿನಕಿಂತ ದೊಡ್ಡದಿರತಿತ್ತು!”